ಜಾಗ ಯಾರದು? ಚಿಲ್ಲರೆ ಕಂಪನಿಗಳ ಸ್ಥಿರಾಸ್ತಿ ಹೂಡಿಕೆಯ ಲೆಕ್ಕ ಹಿಡಿಯುವ ಬಗೆ

ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ನಮ್ಮ ಕಾಕಾ ಅವರ ಬಟ್ಟೆ ಅಂಗಡಿ ಇದೆ. ಊರಿಗೆ ಹೊಸ ದೊಡ್ಡ ಅಂಗಡಿ ಬಂತು ಅಂದರೆ ಅವರು ಕೇಳುವ ಮೊದಲ ಮಾತು ಒಂದೇ. "ಜಾಗಾ ಯಾರದು? ಸ್ವಂತದ್ದೇನು, ಬಾಡಿಗಿದು?" ಒಳಗೆ ಎಷ್ಟು ಮಾಲು ಇದೆ, ಎಷ್ಟು ಡಿಸ್ಕೌಂಟ್ ಕೊಡುತ್ತಾರೆ ಅನ್ನುವುದೆಲ್ಲ ಆಮೇಲಿನ ಮಾತು. ಜಾಗ ಕೊಂಡು ಕಟ್ಟಿದವರು ಇಪ್ಪತ್ತು ವರ್ಷ ಕೂಡಲು ಬಂದಿರುತ್ತಾರೆ, ಬಾಡಿಗೆಗೆ ಬಂದವರು ಲೆಕ್ಕ ಕೂಡದಿದ್ದರೆ ಎದ್ದು ಹೋಗುತ್ತಾರೆ ಅನ್ನುವುದು ಅವರು ಕಂಡ ಸಂಗತಿ.

ನಾನು ಅಂಗಡಿಗಳ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಕಾಕಾ ಅವರ ಈ ಒಂದು ಪ್ರಶ್ನೆ ಹಿಡಿದುಕೊಂಡೇ ದೊಡ್ಡ ಚಿಲ್ಲರೆ ಕಂಪನಿಗಳ ವಾರ್ಷಿಕ ವರದಿ ಓದಲು ಕಲಿತೆ. ಜಮೀನು, ಕಟ್ಟಡ, ಗೋದಾಮು, ರ‍್ಯಾಕು, ಲಿಫ್ಟು, ಫ್ರೀಜರು, ಬಿಲ್ಲಿಂಗ್ ಯಂತ್ರ ಇಂಥ ಬಹುಕಾಲ ಬಾಳುವ ವಸ್ತುಗಳಿಗೆ ಕಂಪನಿ ಹಾಕುವ ಹಣಕ್ಕೆ ಬಂಡವಾಳ ವೆಚ್ಚ ಅಂತಾರೆ. ಷೇರುಪೇಟೆಯವರ ಬಾಯಲ್ಲಿ ಅದು ಕ್ಯಾಪೆಕ್ಸ್. ಈ ಹಣ ಎಷ್ಟು, ಎಲ್ಲಿಗೆ ಹೋಯಿತು ಅಂತ ನಾಲ್ಕೈದು ವರ್ಷ ಸಾಲಾಗಿ ಬರೆದಿಟ್ಟರೆ ಕಂಪನಿಯ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಷೇರು ಕೊಳ್ಳುವವರಿಗೆ ಇದು ಬೇಕು. ಗೋಕುಲ ರಸ್ತೆಯಲ್ಲೋ ವಿದ್ಯಾನಗರದಲ್ಲೋ ಜಾಗ ಇದ್ದು, ಅದನ್ನು ದೊಡ್ಡ ಅಂಗಡಿಗೆ ಲೀಸ್ ಕೊಡಲು ಹೊರಟವರಿಗೆ ಇನ್ನೂ ಜಾಸ್ತಿ ಬೇಕು.

ಬೇಕಾಗುವ ಸಾಮಾನು ಕಡಿಮೆ. ಒಂದು ಮೊಬೈಲ್ ಅಥವಾ ಕಂಪ್ಯೂಟರ್, ಒಂದು ಎಕ್ಸೆಲ್ ಶೀಟ್ ಇಲ್ಲವೇ ಉದ್ದನೆಯ ವಹಿ. ಮೊದಲ ಕಂಪನಿಗೆ ಒಂದು ಸಂಜೆ ಹಿಡಿಯುತ್ತದೆ. ಎರಡನೆಯದಕ್ಕೆ ಒಂದು ತಾಸು ಸಾಕು.

1. ಕಾಗದ ಕೂಡಿಸಿಕೊಳ್ಳಿ

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಎಲ್ಲವೂ ಪುಕ್ಕಟೆ ಸಿಗುತ್ತದೆ. ಕಡೆಯ ಐದು ವರ್ಷದ ವಾರ್ಷಿಕ ವರದಿ ಇಳಿಸಿಕೊಳ್ಳಿ. ಜೊತೆಗೆ ಕಂಪನಿ ಹೂಡಿಕೆದಾರರಿಗೆ ತೋರಿಸುವ ಇನ್ವೆಸ್ಟರ್ ಪ್ರೆಸೆಂಟೇಶನ್ ಇರಲಿ. ಎಷ್ಟು ಅಂಗಡಿ, ಎಷ್ಟು ಚದರಡಿ ಅನ್ನುವುದು ಅದರಲ್ಲೇ ಸುಲಭವಾಗಿ ಸಿಗುತ್ತದೆ.

ಷೇರುಪೇಟೆಯಲ್ಲಿ ಇಲ್ಲದ ಕಂಪನಿಯಾದರೆ ಸ್ವಲ್ಪ ಓಡಾಟ. ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ, ಕಂಪನಿ ಪ್ರತಿವರ್ಷ ಸಲ್ಲಿಸುವ ಎಒಸಿ-4 ನಮೂನೆ ನೋಡಬಹುದು. ಬ್ಯಾಲೆನ್ಸ್ ಶೀಟ್ ಅದರೊಳಗೇ ಇರುತ್ತದೆ. ರಿಲಯನ್ಸ್ ರಿಟೇಲ್ ಪ್ರತ್ಯೇಕವಾಗಿ ಪೇಟೆಯಲ್ಲಿಲ್ಲ. ಆದರೆ ಮಾತೃ ಕಂಪನಿಯಾದ ರಿಲಯನ್ಸ್ ಇಂಡಸ್ಟ್ರೀಸ್ ತನ್ನ ಅಂಗಸಂಸ್ಥೆಗಳ ಲೆಕ್ಕಪತ್ರಗಳನ್ನು ತನ್ನ ಜಾಲತಾಣದಲ್ಲೇ ಹಾಕುತ್ತದೆ.

ಒಂದು ಎಚ್ಚರಿಕೆ. ವರದಿಯಲ್ಲಿ ಎರಡು ಜೊತೆ ಲೆಕ್ಕ ಇರುತ್ತವೆ: ಕಂಪನಿ ಒಂದರದ್ದೇ ಆದ ಸ್ಟ್ಯಾಂಡ್‌ಅಲೋನ್, ಅಂಗಸಂಸ್ಥೆಗಳನ್ನೂ ಕೂಡಿಸಿದ ಕನ್ಸಾಲಿಡೇಟೆಡ್. ಕೆಲವು ಕಂಪನಿಗಳು ಗೋದಾಮು, ಆನ್‌ಲೈನ್ ವ್ಯಾಪಾರವನ್ನು ಅಂಗಸಂಸ್ಥೆಯಲ್ಲಿ ಇಡುತ್ತವೆ. ಹಾಗಾಗಿ ಕನ್ಸಾಲಿಡೇಟೆಡ್ ಹಿಡಿಯಿರಿ, ಐದೂ ವರ್ಷಕ್ಕೆ ಅದನ್ನೇ ಹಿಡಿಯಿರಿ.

2. ಅಂಗಡಿ ಯಾರ ದುಡ್ಡಿನಲ್ಲಿ ಏಳುತ್ತಿದೆ ಅಂತ ಮೊದಲೇ ತಿಳಿದುಕೊಳ್ಳಿ

ಅಂಕಿಗೆ ಕೈ ಹಾಕುವ ಮುಂಚೆ ಇದು ಆಗಬೇಕು. ಇಲ್ಲದಿದ್ದರೆ ಎರಡು ಕಂಪನಿಗಳನ್ನು ಪಕ್ಕದಲ್ಲಿಟ್ಟು ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಡಿಮಾರ್ಟ್ ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಮೊದಲ ಅಂಗಡಿ ತೆರೆಯಿತು. ಜಾಗವನ್ನು ಸ್ವಂತಕ್ಕೆ ಕೊಳ್ಳುವುದು, ಇಲ್ಲವೇ ಬಹಳ ದೀರ್ಘ ಅವಧಿಗೆ ಲೀಸ್ ಹಿಡಿಯುವುದು ಅದರ ಮುಖ್ಯ ದಾರಿ. 2024ರ ಮಾರ್ಚ್ ಕೊನೆಗೆ ಅದರ ಅಂಗಡಿಗಳು 365, ಮರುವರ್ಷ 415. ಅಂದರೆ ಒಂದು ವರ್ಷದಲ್ಲಿ 50. ಟಾಟಾದವರ ಟ್ರೆಂಟ್ ಕಂಪನಿ ನಡೆಸುವ ಜುಡಿಯೊ ನೋಡಿ. ಅದೇ ಅವಧಿಯಲ್ಲಿ 545 ಇದ್ದದ್ದು 765 ಆಯಿತು. ಒಂದೇ ವರ್ಷದಲ್ಲಿ 220! ಜುಡಿಯೊ ಅಂಗಡಿಗಳು ಬಾಡಿಗೆ ಜಾಗದಲ್ಲಿ ಏಳುತ್ತವೆ, ಗಾತ್ರದಲ್ಲೂ ಡಿಮಾರ್ಟ್‌ಗಿಂತ ಬಹಳ ಚಿಕ್ಕವು. 220 ದೊಡ್ಡದು, 50 ಸಣ್ಣದು ಅಂತ ಬರೀ ಬೋರ್ಡ್ ಎಣಿಸಿದರೆ ನೆಲಕ್ಕೆ ಹೋದ ಹಣದ ಸುದ್ದಿಯೇ ಸಿಗುವುದಿಲ್ಲ ಅಲ್ವಾ?

ಮೂರನೆಯ ದಾರಿ ಫ್ರಾಂಚೈಸಿ. ಟೈಟಾನ್ ಕಂಪನಿಯ ತನಿಷ್ಕ್ ಅಂಗಡಿಗಳಲ್ಲಿ ಎಷ್ಟೋ ಸ್ಥಳೀಯ ಪಾಲುದಾರರವು. ಜಾಗ, ಒಳಗಿನ ಅಲಂಕಾರ, ಕೆಲವು ಮಾದರಿಗಳಲ್ಲಿ ಚಿನ್ನದ ಸ್ಟಾಕು ಕೂಡ ಪಾಲುದಾರರ ಹಣದ್ದೇ. ಬೋರ್ಡ್ ಹೆಚ್ಚಾಗುತ್ತದೆ, ಕಂಪನಿಯ ಸ್ಥಿರಾಸ್ತಿ ಅಷ್ಟು ಹೆಚ್ಚಾಗುವುದಿಲ್ಲ. ತಪ್ಪು ಅಂತ ಹೇಳುತ್ತಿಲ್ಲ. ಲೆಕ್ಕ ಓದುವ ಕ್ರಮ ಬೇರೆ ಅಂತ ಹೇಳುತ್ತಿದ್ದೇನೆ.

ಶೀಟಿನ ತಲೆಯ ಮೇಲೆ ಇದನ್ನು ಒಂದು ಸಾಲಿನಲ್ಲಿ ಬರೆದಿಡಿ: ಸ್ವಂತ, ಬಾಡಿಗೆ, ಪಾಲುದಾರ, ಅಥವಾ ಬೆರಕೆ.

3. ಸ್ಥಿರಾಸ್ತಿ ಪಟ್ಟಿ ಬಿಡಿಸಿ ಓದಿ

ವಾರ್ಷಿಕ ವರದಿಯ ಹಿಂಭಾಗದಲ್ಲಿ "ನೋಟ್ಸ್" ಬರುತ್ತವೆ. ಅದರಲ್ಲಿ ಪ್ರಾಪರ್ಟಿ, ಪ್ಲಾಂಟ್ ಆ್ಯಂಡ್ ಎಕ್ವಿಪ್‌ಮೆಂಟ್ ಎಂಬ ಅಡ್ಡ ಪಟ್ಟಿ ಹುಡುಕಿ. ನನ್ನ ಪ್ರಕಾರ ಇಡೀ ವರದಿಯ ಎದೆ ಇದೇ. ಅಧ್ಯಕ್ಷರ ಪತ್ರ, ಬಣ್ಣದ ಫೋಟೋ ಎಲ್ಲ ದಾಟಿ ನೇರ ಇಲ್ಲಿಗೆ ಬನ್ನಿ.

ಕಿರ್ದಿ, ಖತಾವಣಿ ನೋಡಿದವರಿಗೆ ಈ ಪಟ್ಟಿ ಹೊಸದಲ್ಲ. ವರ್ಷದ ಶುರುವಿನ ಶಿಲ್ಕು, ವರ್ಷದಲ್ಲಿ ಸೇರಿದ್ದು, ಮಾರಿದ್ದು ಅಥವಾ ತೆಗೆದುಹಾಕಿದ್ದು, ಕೊನೆಯ ಶಿಲ್ಕು. ಅದರ ಕೆಳಗೆ ಸವಕಳಿಗೂ, ಅಂದರೆ ವಸ್ತು ಸವೆದಂತೆ ವರ್ಷ ವರ್ಷ ಖರ್ಚಿಗೆ ಬರೆಯುವ ಬೆಲೆಗೂ, ಹೀಗೇ ನಾಲ್ಕು ಸಾಲು. ಅಡ್ಡಕ್ಕೆ ಜಮೀನು, ಕಟ್ಟಡ, ಪೀಠೋಪಕರಣ, ಯಂತ್ರ, ಕಂಪ್ಯೂಟರ್, ವಾಹನ ಅಂತ ಕಾಲಂಗಳು.

ನೀವು ಬರೆದುಕೊಳ್ಳಬೇಕಾದದ್ದು "ಅಡಿಷನ್ಸ್", ಅಂದರೆ ವರ್ಷದಲ್ಲಿ ಸೇರಿದ್ದರ ಸಾಲು, ಅದೂ ಕಾಲಂ ಕಾಲಂ ಬಿಡಿಸಿ. ಒಟ್ಟು ಮೊತ್ತ ಒಂದನ್ನೇ ಬರೆದರೆ ಅರ್ಧ ವಿಷಯ ಕಳೆದುಹೋಗುತ್ತದೆ. ಜಮೀನು, ಕಟ್ಟಡದ ಕಾಲಂ ತುಂಬುತ್ತಿದ್ದರೆ ಕಂಪನಿ ಬೇರು ಬಿಡುತ್ತಿದೆ. ಪೀಠೋಪಕರಣ ಮತ್ತು ಲೀಸ್‌ಹೋಲ್ಡ್ ಇಂಪ್ರೂವ್‌ಮೆಂಟ್ ಕಾಲಂ ತುಂಬುತ್ತಿದ್ದರೆ ಇನ್ನೊಬ್ಬರ ಕಟ್ಟಡದೊಳಗೆ ಅಂಗಡಿ ಸಜ್ಜು ಮಾಡುತ್ತಿದೆ. ಕಂಪ್ಯೂಟರ್, ಯಂತ್ರ ಏರುತ್ತಿದ್ದರೆ ಗೋದಾಮು, ಬಿಲ್ಲಿಂಗ್ ವ್ಯವಸ್ಥೆ ಹೊಸದಾಗುತ್ತಿರಬಹುದು.

ಸವಕಳಿಯ ಆಯಸ್ಸನ್ನೂ ಗಮನಿಸಿ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಪ್ರಕಾರ ಕಾರ್ಖಾನೆಯಲ್ಲದ ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ, ಸಾಮಾನ್ಯ ಪೀಠೋಪಕರಣಕ್ಕೆ 10 ವರ್ಷ, ಮೇಜಿನ ಮೇಲಿನ ಕಂಪ್ಯೂಟರಿಗೆ 3 ವರ್ಷ. ಜಮೀನಿಗೆ ಸವಕಳಿಯೇ ಇಲ್ಲ. ಆದ್ದರಿಂದ ನೂರು ಕೋಟಿ ಜಮೀನಿಗೆ ಹಾಕಿದ ಕಂಪನಿಗೂ ನೂರು ಕೋಟಿ ರ‍್ಯಾಕಿಗೆ ಹಾಕಿದ ಕಂಪನಿಗೂ ಲಾಭದ ಪಟ್ಟಿಯಲ್ಲಿ ಬೀಳುವ ಹೊರೆ ಬೇರೆ ಬೇರೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಬೇರೆ ಕಂಪನಿಯನ್ನು ಕೊಂಡಾಗ ಅದರ ಅಂಗಡಿಗಳ ಆಸ್ತಿಯೂ ಈ ಪಟ್ಟಿಗೆ ಬರುತ್ತದೆ. 2021ರಲ್ಲಿ ವಿ-ಮಾರ್ಟ್ ಕಂಪನಿ ಅರವಿಂದ್ ಸಮೂಹದಿಂದ ಅನ್‌ಲಿಮಿಟೆಡ್ ಅಂಗಡಿಗಳನ್ನು ಕೊಂಡಿತು. ಇಂಥ ವರ್ಷದಲ್ಲಿ ಸ್ವಾಧೀನದಿಂದ ಬಂದದ್ದನ್ನು ಬೇರೆ ಬರೆದು, ತಾನೇ ಕಟ್ಟಿದ್ದನ್ನು ಬೇರೆ ಬರೆಯಿರಿ. ಇನ್ನೊಂದು, ಸರಕಾರಿ ಕೈಗಾರಿಕಾ ಪ್ರದೇಶದಲ್ಲಿ ಗೋದಾಮಿಗೆ ಜಾಗ ಹಿಡಿದು ಪೂರ್ತಿ ಹಣ ಮೊದಲೇ ಕಟ್ಟಿದ್ದರೂ, ಕರಾರು ದೀರ್ಘ ಲೀಸಿನದಾಗಿದ್ದರೆ ಅದು ಈ ಪಟ್ಟಿಯಲ್ಲಿ ಕಾಣುವುದಿಲ್ಲ. "ರೈಟ್ ಆಫ್ ಯೂಸ್" (ಬಳಸುವ ಹಕ್ಕು) ಎಂಬ ಬೇರೆ ಪಟ್ಟಿಯಲ್ಲಿ ಕೂತಿರುತ್ತದೆ. ಅದನ್ನು ಬಿಟ್ಟರೆ ಲೆಕ್ಕ ಕಡಿಮೆ ಬರುತ್ತದೆ.

ಇದೇ ನೋಟ್ಸ್ ನಡುವೆ ನಮ್ಮ ಕಡೆಯವರಿಗೆ ಬಹಳ ಇಷ್ಟವಾಗುವ ಒಂದು ಮಾಹಿತಿ ಇದೆ. 2021-22ರಿಂದ ಪ್ರತಿ ಕಂಪನಿಯೂ ತನ್ನ ಲೆಕ್ಕದಲ್ಲಿ ತೋರಿಸಿದ ಸ್ಥಿರಾಸ್ತಿಗಳಲ್ಲಿ ಯಾವುದರ ಖರೀದಿ ಪತ್ರ ತನ್ನ ಹೆಸರಿನಲ್ಲಿಲ್ಲ, ಯಾರ ಹೆಸರಿನಲ್ಲಿದೆ, ಯಾವಾಗಿನಿಂದ, ಯಾಕೆ ಎಂದು ಹೇಳಲೇಬೇಕು. ಮನೆ ಕೊಳ್ಳುವಾಗ ನಾವು "ಉತಾರ ತೋರಿಸ್ರಿ" ಅಂತ ಮಾಲೀಕತ್ವದ ದಾಖಲೆ ಕೇಳುವುದಿಲ್ಲವೇ? ಇದೂ ಅದೇ ಕೆಲಸ.

4. ಕಟ್ಟುತ್ತಿರುವುದರ ಲೆಕ್ಕ

ಇನ್ನೂ ಮುಗಿಯದ ಕಟ್ಟಡಕ್ಕೆ ಹಾಕಿದ ಹಣ "ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್" ಸಾಲಿನಲ್ಲಿ ಇರುತ್ತದೆ. ಅಂಗಡಿ ಬಾಗಿಲು ತೆರೆದ ದಿನ ಅದು ಸ್ಥಿರಾಸ್ತಿ ಪಟ್ಟಿಗೆ ಹಾರುತ್ತದೆ. ಮುಂದಿನ ವರ್ಷ ಎಷ್ಟು ಅಂಗಡಿ ಬರಬಹುದು ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು.

ಇದರ ವಯಸ್ಸಿನ ಪಟ್ಟಿಯನ್ನೂ ಕಂಪನಿಗಳು ಕೊಡಬೇಕು: ಒಂದು ವರ್ಷದೊಳಗಿನದು, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷ ಮೀರಿದ್ದು. ಬಾಡಿಗೆ ಜಾಗದಲ್ಲಿ ಅಂಗಡಿ ಸಜ್ಜಾಗಲು ಕೆಲವು ತಿಂಗಳು ಸಾಕು. ಅಂಥ ಕಂಪನಿಯ ಹಣ ಮೂರು ವರ್ಷದ ಕಾಲಂನಲ್ಲಿ ಬೆಳೆಯುತ್ತಿದ್ದರೆ ಏನೋ ಸಿಕ್ಕಿಬಿದ್ದಿದೆ. ಪರವಾನಿಗೆಯೋ, ವ್ಯಾಜ್ಯವೋ, ಮನಸ್ಸು ಬದಲಾದದ್ದೋ. ತಡವಾದ ಅಥವಾ ಅಂದಾಜು ಮೀರಿದ ಯೋಜನೆಗಳನ್ನು ಪ್ರತ್ಯೇಕವಾಗಿ ಹೇಳಬೇಕೆಂಬ ನಿಯಮವೂ ಇದೆ. ಅದನ್ನೂ ಓದಿ.

5. ಕೈಯಿಂದ ಹೋದ ನಗದಿಗೆ ತಾಳೆ ಹಾಕಿ

ಈಗ ಕ್ಯಾಶ್ ಫ್ಲೋ, ಅಂದರೆ ನಗದು ಬಂದು ಹೋದದ್ದರ ಪಟ್ಟಿಗೆ ಬನ್ನಿ. ಹೂಡಿಕೆ ಚಟುವಟಿಕೆ ಭಾಗದಲ್ಲಿ ಸ್ಥಿರಾಸ್ತಿ ಖರೀದಿಗೆ ಕೊಟ್ಟ ಹಣದ ಸಾಲು ಇರುತ್ತದೆ. ಆ ಭಾಗದ ಒಟ್ಟು ಮೊತ್ತವನ್ನೇ ಕ್ಯಾಪೆಕ್ಸ್ ಅಂತ ಹಿಡಿಯಬೇಡಿ. ಬ್ಯಾಂಕ್ ಠೇವಣಿ, ಮ್ಯೂಚುವಲ್ ಫಂಡ್ ಎಲ್ಲ ಅದರಲ್ಲೇ ಸೇರಿರುತ್ತವೆ. ಷೇರು ಮಾರಿ ಹಣ ಎತ್ತಿದ ವರ್ಷದಲ್ಲಂತೂ ಇಡೀ ಚಿತ್ರ ತಪ್ಪಾಗಿ ಕಾಣುತ್ತದೆ.

ಸ್ಥಿರಾಸ್ತಿ ಪಟ್ಟಿಯಲ್ಲಿನ ಅಡಿಷನ್ಸ್ ಒಂದು ಅಂಕಿ ಹೇಳುತ್ತದೆ, ಕ್ಯಾಶ್ ಫ್ಲೋ ಇನ್ನೊಂದು ಹೇಳುತ್ತದೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಲೆಕ್ಕಕ್ಕಾಗಿ ಒಂದು ಕಲ್ಪಿತ ಕಂಪನಿ ತೆಗೆದುಕೊಳ್ಳೋಣ.

ಅದು ವರ್ಷದಲ್ಲಿ ಸ್ಥಿರಾಸ್ತಿಗೆ 300 ಕೋಟಿ ಸೇರಿಸಿದೆ. ಕಟ್ಟುತ್ತಿರುವ ಕೆಲಸದ ಶಿಲ್ಕು 120 ಕೋಟಿಯಿಂದ 200 ಕೋಟಿಗೆ ಏರಿದೆ, ಅಂದರೆ 80 ಹೆಚ್ಚು. ಜಾಗದ ಮಾಲೀಕರಿಗೆ, ಗುತ್ತಿಗೆದಾರರಿಗೆ ಕೊಟ್ಟ ಮುಂಗಡ 10ರಿಂದ 50ಕ್ಕೆ ಏರಿದೆ, ಅಲ್ಲಿ 40 ಹೆಚ್ಚು. ಇನ್ನೂ ಕೊಡಬೇಕಾದ ಬಾಕಿ 20ರಿಂದ 35ಕ್ಕೆ ಏರಿದೆ. ಆ 15 ಕೋಟಿಯ ಕೆಲಸ ಆಗಿದೆ, ಹಣ ಹೋಗಿಲ್ಲ. ಹಾಗಾಗಿ ಕಳೆಯಿರಿ.

300 + 80 + 40 − 15 = 405 ಕೋಟಿ.

ಕ್ಯಾಶ್ ಫ್ಲೋ ಸಾಲಿನಲ್ಲಿ 405ರ ಆಸುಪಾಸು ಇದ್ದರೆ ನೀವು ಸರಿಯಾಗಿ ಓದಿದ್ದೀರಿ. ಕಟ್ಟಡದ ಲೆಕ್ಕಕ್ಕೆ ಸೇರಿಸಿದ ಬಡ್ಡಿ, ಜಿಎಸ್‌ಟಿ ಅಂಥ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ದೊಡ್ಡ ವ್ಯತ್ಯಾಸ ಬಂದರೆ ಹಿಂದೆ ಹೋಗಿ ರೈಟ್ ಆಫ್ ಯೂಸ್ ಪಟ್ಟಿ, ಸ್ವಾಧೀನದ ಟಿಪ್ಪಣಿ ನೋಡಿ. ಮುಂಗಡ ಸಿಗುವುದು "ಇತರ ನಾನ್-ಕರೆಂಟ್ ಆಸ್ತಿ" ಟಿಪ್ಪಣಿಯಲ್ಲಿ. ಬಾಕಿ ಸಿಗುವುದು "ಇತರ ಹಣಕಾಸು ಹೊಣೆ" ಟಿಪ್ಪಣಿಯಲ್ಲಿ. ಮುಂಗಡದ ಸಾಲನ್ನು ನಾನು ಪ್ರತಿ ಸಲ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಜಾಗ ಹುಡುಕಿ ಹಣ ಕಟ್ಟುವುದು ಇಟ್ಟಿಗೆ ಇಡುವುದಕ್ಕಿಂತ ಎಷ್ಟೋ ಮುಂಚೆ ನಡೆಯುವ ಕೆಲಸ. ಕಂಪನಿಯ ಹೆಜ್ಜೆ ಮೊದಲು ಕೇಳಿಸುವುದು ಅಲ್ಲೇ.

6. ಬಾಡಿಗೆಯನ್ನೂ ಹೂಡಿಕೆಯಂತೆ ಓದಿ

2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಎಂಬ ಲೆಕ್ಕದ ನಿಯಮ ಬಂತು. ಅದಕ್ಕೂ ಮುಂಚೆ ಅಂಗಡಿ ಬಾಡಿಗೆ ಸೀದಾ ಖರ್ಚಿಗೆ ಹೋಗುತ್ತಿತ್ತು. ಈಗ ಲೀಸ್ ಅವಧಿಯಲ್ಲಿ ಕಟ್ಟಬೇಕಾದ ಬಾಡಿಗೆಯ ಇವತ್ತಿನ ಬೆಲೆ ಕಟ್ಟಿ, ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಸಾಲದಂಥ ಹೊಣೆ ಎಂದು ತೋರಿಸುತ್ತಾರೆ. ಆ ಆಸ್ತಿಯೇ ರೈಟ್ ಆಫ್ ಯೂಸ್.

ಇದರಿಂದ ಮೂರು ತೊಡಕು. ಮೊದಲನೆಯದು, 2018-19ರ ಅಂಕಿಯನ್ನು 2019-20ರ ಜೊತೆ ಸುಮ್ನೆ ಪಕ್ಕಪಕ್ಕ ಇಡಬಾರದು. ಅಳತೆಗೋಲೇ ಬದಲಾಗಿದೆ. ಎರಡನೆಯದು, ಕಟ್ಟಿದ ಬಾಡಿಗೆ ಈಗ ಕ್ಯಾಶ್ ಫ್ಲೋದಲ್ಲಿ ಸಾಲ ತೀರಿಸುವ ಭಾಗಕ್ಕೆ, ಅಸಲು ಮತ್ತು ಬಡ್ಡಿ ಎಂದು ಹೋಗುತ್ತದೆ. ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಮಾತ್ರ ನೋಡುವವರಿಗೆ ಬಾಡಿಗೆಯೇ ಇಲ್ಲದಂತೆ ಕಾಣುತ್ತದೆ. ಆ ಎರಡು ಸಾಲು ಹುಡುಕಿ, ಕೂಡಿಸಿ, ಕ್ಯಾಪೆಕ್ಸ್ ಪಕ್ಕದಲ್ಲೇ ಬರೆಯಿರಿ. ಸ್ವಂತ ಜಾಗದ ಕಂಪನಿಯನ್ನೂ ಬಾಡಿಗೆ ಕಂಪನಿಯನ್ನೂ ಹೋಲಿಸಲು ಬೇರೆ ದಾರಿ ಇಲ್ಲ. ಮೂರನೆಯದು, ಮಾರಾಟದ ಮೇಲೆ ಇಷ್ಟು ಪರ್ಸೆಂಟ್ ಎಂಬ ಬಾಡಿಗೆ ಕರಾರು ಈ ಪಟ್ಟಿಗೆ ಬರುವುದೇ ಇಲ್ಲ. ಅದು ಹಳೆಯ ರೀತಿಯಲ್ಲೇ ಖರ್ಚು. ಹನ್ನೆರಡು ತಿಂಗಳಿನೊಳಗಿನ ಕರಾರನ್ನೂ ಕಂಪನಿ ಹೊರಗಿಡಬಹುದು.

ಲೀಸ್ ಅವಧಿ ಎಷ್ಟು ಅನ್ನುವುದು ಕಂಪನಿಯ ಅಂದಾಜು. ಅಂದಾಜು ಬದಲಾದರೆ ಲಾಭವೇ ಬದಲಾಗುತ್ತದೆ. 2023-24ರ ಕೊನೆಯ ಮೂರು ತಿಂಗಳಲ್ಲಿ ಟ್ರೆಂಟ್ ತನ್ನ ಲೀಸ್ ಅಂದಾಜುಗಳನ್ನು ಮತ್ತೆ ಲೆಕ್ಕ ಹಾಕಿದಾಗ ಸುಮಾರು 543 ಕೋಟಿ ರೂಪಾಯಿ ವಿಶೇಷ ಲಾಭವಾಗಿ ಬಂತು. ನಿಯಮದ ಪ್ರಕಾರವೇ ಆದದ್ದು. ಆದರೆ ಆ ವರ್ಷ ಲೀಸ್ ಆಸ್ತಿ ಇಳಿದದ್ದನ್ನು ನೋಡಿ "ಅಂಗಡಿ ಮುಚ್ಚಿದರು" ಅಂತ ಬರೆದುಕೊಂಡರೆ ತಪ್ಪಾಗುತ್ತಿತ್ತು.

ಬಾಡಿಗೆ ಜಾಗದ ಅಪಾಯ ಎಷ್ಟು ನಿಜ ಅಂತ ತಿಳಿಯಲು ಬಿಗ್ ಬಜಾರ್ ಕಥೆ ಸಾಕು. ಅದನ್ನು ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಬಾಡಿಗೆ ಕಟ್ಟಲಾಗದ ಸ್ಥಿತಿಗೆ ಬಂದಾಗ ರಿಲಯನ್ಸ್ ಎಷ್ಟೋ ಅಂಗಡಿಗಳ ಲೀಸನ್ನು ಜಾಗದ ಮಾಲೀಕರಿಂದ ತನ್ನ ಹೆಸರಿಗೆ ಮಾಡಿಸಿಕೊಂಡು, ಅದೇ ಜಾಗವನ್ನು ಫ್ಯೂಚರ್‌ಗೆ ಒಳಬಾಡಿಗೆಗೆ ಕೊಟ್ಟಿತ್ತು. 2022ರ ಫೆಬ್ರವರಿಯಲ್ಲಿ ಒಳಬಾಡಿಗೆ ನಿಂತಿತು, ನೂರಾರು ಅಂಗಡಿ ಕೈಬಿಟ್ಟು ಹೋದವು. ಅದೇ ವರ್ಷ ಜುಲೈನಲ್ಲಿ ಫ್ಯೂಚರ್ ರಿಟೇಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಊರೂರಲ್ಲಿ ಹೆಸರಿದ್ದರೂ ಕಾಲ ಕೆಳಗಿನ ನೆಲ ತನ್ನದಾಗಿರಲಿಲ್ಲ.

7. ಮೂರು ಭಾಗಾಕಾರ

ಕ್ಯಾಪೆಕ್ಸನ್ನು ಸವಕಳಿಯಿಂದ ಭಾಗಿಸಿ. ಸವಕಳಿಗೆ ಜಮೀನಿನ ಕಾಲಂ ಸೇರದು ಅಂತ ನೆನಪಿರಲಿ. ಒಂದರ ಹತ್ತಿರ ಬಂದರೆ ಹಳೆಯದನ್ನು ರಿಪೇರಿ ಮಾಡಿ ಉಳಿಸಿಕೊಳ್ಳುತ್ತಿದ್ದಾರೆ. ಎರಡು, ಮೂರು ಮೀರಿದರೆ ಬೆಳೆಯುತ್ತಿದ್ದಾರೆ. ವರ್ಷ ವರ್ಷ ಒಂದಕ್ಕಿಂತ ಕಡಿಮೆ ಇದ್ದರೆ ಅಂಗಡಿಗಳು ಮಾಸುತ್ತಿವೆ.

ವರ್ಷದ ಅಡಿಷನ್ಸನ್ನು ಆ ವರ್ಷ ಹೊಸದಾಗಿ ಸೇರಿದ ಚದರಡಿಯಿಂದ ಭಾಗಿಸಿ. ನಮ್ಮ ಕಲ್ಪಿತ ಕಂಪನಿ 300 ಕೋಟಿಗೆ 5 ಲಕ್ಷ ಚದರಡಿ ಸೇರಿಸಿದ್ದರೆ ಚದರಡಿಗೆ 6,000 ರೂಪಾಯಿ. ಒಂದೇ ಕಂಪನಿಯ ಬೇರೆ ಬೇರೆ ವರ್ಷಗಳನ್ನು ಹೋಲಿಸಲು ಇದು ಚೆನ್ನಾಗಿದೆ.

ಪೀಠೋಪಕರಣ, ಯಂತ್ರಗಳ ಕೂಡಿಬಂದ ಸವಕಳಿಯನ್ನು ಅವುಗಳ ಮೂಲ ಬೆಲೆಯಿಂದ ಭಾಗಿಸಿದರೆ ಎಷ್ಟು ಸವೆದಿವೆ ಅಂತ ತಿಳಿಯುತ್ತದೆ. ಒಂದು ಮಾತು ಮಾತ್ರ: ಇಂಡ್ ಎಎಸ್ ಎಂಬ ಹೊಸ ಲೆಕ್ಕದ ನಿಯಮಗಳಿಗೆ ಬದಲಾದಾಗ ಎಷ್ಟೋ ಕಂಪನಿಗಳು ಆ ದಿನದ ಸವೆದ ಬೆಲೆಯನ್ನೇ ಮೂಲ ಬೆಲೆ ಅಂತ ಬರೆದುಕೊಂಡವು. ಹಾಗಾಗಿ ಹಳೆಯ ಕಂಪನಿಗಳ ಆಸ್ತಿ ಇರುವುದಕ್ಕಿಂತ ಹೊಸದಾಗಿ ಕಾಣಬಹುದು.

8. ನಿಮ್ಮ ಊರಿನ ಜಾಗವನ್ನು ಕಾಗದದಲ್ಲಿ ನೋಡಿ

ವರದಿಯಲ್ಲಿ ಹುಬ್ಬಳ್ಳಿ, ಗದಗ, ಹಾವೇರಿ ಅಂತ ಬಿಡಿಸಿ ಬರೆದಿರುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು. ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಬೇಕು. ನೋಂದಣಿಯಾದ ಲೀಸ್ ಆಗಲಿ ಖರೀದಿ ಆಗಲಿ ಆ ಜಾಗದ ಋಣಭಾರ ಪತ್ರದಲ್ಲಿ (ಇ.ಸಿ.) ಬರುತ್ತದೆ. ಸಿಟಿಎಸ್ (ಸಿಟಿ ಸರ್ವೆ) ನಂಬರ್ ಅಥವಾ ಸರ್ವೆ ನಂಬರ್ ಗೊತ್ತಿದ್ದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಶುಲ್ಕ ಕಟ್ಟಿ ತೆಗೆಯಬಹುದು. ಸಿಟಿ ಸರ್ವೆ ಕಚೇರಿಯ ಉತಾರವನ್ನೂ ಜೊತೆಗಿಟ್ಟು ನೋಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಪರಿಚಯದ ಒಬ್ಬ ಅಕ್ಕ ಹಿರಿಯರ ಜಾಗದಲ್ಲಿ ಸಾಲ ಮಾಡಿ ಕಟ್ಟಡ ಎಬ್ಬಿಸಿದರು. ಒಂದು ಚಿಲ್ಲರೆ ಕಂಪನಿ ಕೊಟ್ಟ ನಕ್ಷೆಯ ಪ್ರಕಾರವೇ ಕಟ್ಟಿಸಿದರು. ಎತ್ತರದ ಛಾವಣಿ, ಒಳಗೆ ಗೋಡೆಯೇ ಇಲ್ಲ. ಕರಾರು ಹದಿನೈದು ವರ್ಷದ್ದು. ಆದರೆ ಹದಿನೈದು ವರ್ಷ ಕಟ್ಟಿಹಾಕಿದ್ದು ಅಕ್ಕನನ್ನು ಮಾತ್ರ. ಕಂಪನಿಗೆ ಲಾಕ್-ಇನ್, ಅಂದರೆ ಬಿಟ್ಟು ಹೋಗಲು ಬರದ ಅವಧಿ, ಮೂರೇ ವರ್ಷ. ಮೂರು ವರ್ಷ ಮುಗಿದ ಮೇಲೆ ನೋಟಿಸ್ ಕೊಟ್ಟು ಹೋದರು. ಕಟ್ಟಡ ಬೇರೆ ಯಾರಿಗೂ ಹೊಂದಲಿಲ್ಲ, ಕಂತು ನಿಲ್ಲಲಿಲ್ಲ. ಆಮೇಲೆ ನಾನು ಆ ಕಂಪನಿಯ ಹಳೆಯ ವರದಿಗಳನ್ನು ತೆಗೆದು ನೋಡಿದೆ. ಅವರು ಕರಾರಿಗೆ ಸಹಿ ಹಾಕುವ ಹೊತ್ತಿಗಾಗಲೇ ರೈಟ್ ಆಫ್ ಯೂಸ್ ಪಟ್ಟಿಯ ಡಿಲೀಷನ್ಸ್ (ತೆಗೆದುಹಾಕಿದ್ದು) ಸಾಲು ಎರಡು ವರ್ಷದಿಂದ ಏರುತ್ತಿತ್ತು. ಸ್ಥಿರಾಸ್ತಿ ಅಡಿಷನ್ಸ್ ಇಳಿಯುತ್ತಿತ್ತು. ಹೊಸ ಅಂಗಡಿ ತೆರೆಯುತ್ತಲೇ ಹಳೆಯವನ್ನು ಬಿಡುತ್ತಿದ್ದರು. ಅರ್ಧ ತಾಸಿನ ಓದು. ಆ ಅಕ್ಕನಿಗೆ ಯಾರೂ ಹೇಳಿರಲಿಲ್ಲ, ನನಗೂ ಆಗ ಹೊಳೆದಿರಲಿಲ್ಲ.

ನೀವು ಜಾಗ ಕೊಡುವವರಾದರೆ ಕಂಪನಿಯ ಐದು ವರ್ಷದ ಅಡಿಷನ್ಸ್, ಲೀಸ್ ಡಿಲೀಷನ್ಸ್, ಕಟ್ಟಿದ ಬಾಡಿಗೆ ಈ ಮೂರನ್ನು ಬರೆದುಕೊಂಡ ಮೇಲೆಯೇ ಮಾತಿಗೆ ಕೂತುಕೊಳ್ಳಿ. ಲಾಕ್-ಇನ್ ಅವಧಿ ನಿಮ್ಮ ಬ್ಯಾಂಕ್ ಸಾಲದ ಅವಧಿಗಿಂತ ಬಹಳ ಕಡಿಮೆ ಇದ್ದರೆ ಠೇವಣಿ ಜಾಸ್ತಿ ಕೇಳಿ. ಇಲ್ಲವೇ ಕಟ್ಟಡದ ನಕ್ಷೆಯನ್ನು ನಾಲ್ಕು ಅಂಗಡಿಗಳಾಗಿ ಒಡೆಯಲು ಬರುವಂತೆ ಮಾಡಿಸಿ.

9. ಯಾವಾಗ ಯಾವುದನ್ನು ತುಂಬಬೇಕು

ಷೇರುಪೇಟೆಯಲ್ಲಿರುವ ಕಂಪನಿಗಳು ವರ್ಷದ ಫಲಿತಾಂಶವನ್ನು ಮಾರ್ಚ್ ಮುಗಿದು 60 ದಿನದೊಳಗೆ ಕೊಡಬೇಕು. ಅಂದರೆ ಮೇ ಕೊನೆಯೊಳಗೆ ಕ್ಯಾಶ್ ಫ್ಲೋ ಅಂಕಿ ಸಿಗುತ್ತದೆ, ಅದನ್ನು ಆಗಲೇ ಬರೆಯಿರಿ. ಕಾಲಂ ಕಾಲಂ ಬಿಡಿಸಿದ ಪಟ್ಟಿ, ವಯಸ್ಸಿನ ಪಟ್ಟಿ, ಖರೀದಿ ಪತ್ರದ ಮಾಹಿತಿ ವಾರ್ಷಿಕ ವರದಿಯಲ್ಲಿ ಮಾತ್ರ ಇರುತ್ತದೆ. ಅದು ಸಾಮಾನ್ಯವಾಗಿ ಜುಲೈ, ಆಗಸ್ಟ್ ಹೊತ್ತಿಗೆ ಬರುತ್ತದೆ. ಸೆಪ್ಟೆಂಬರ್ ಅರ್ಧವರ್ಷದ ಬ್ಯಾಲೆನ್ಸ್ ಶೀಟ್ ಮತ್ತು ಕ್ಯಾಶ್ ಫ್ಲೋ ನವೆಂಬರ್ ಮಧ್ಯದೊಳಗೆ ಬರುತ್ತವೆ. ಜೂನ್ ಮತ್ತು ಡಿಸೆಂಬರ್ ತ್ರೈಮಾಸಿಕದಲ್ಲಿ ಬ್ಯಾಲೆನ್ಸ್ ಶೀಟ್ ಕೊಡಲೇಬೇಕೆಂದಿಲ್ಲ. ಆಗ ಅಂಗಡಿ ಸಂಖ್ಯೆ, ಚದರಡಿ ಮಾತ್ರ ತುಂಬಿ ಬಿಡಿ.

ಒಂದೇ ಒಂದು ಷೇರು ಇದ್ದರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಈಗ ಎಷ್ಟೋ ಸಭೆಗಳು ವಿಡಿಯೊ ಮೂಲಕವೇ ನಡೆಯುತ್ತವೆ, ಮನೆಯಲ್ಲೇ ಕೂತು ಸೇರಬಹುದು. ಮೊದಲೇ ಹೆಸರು ನೋಂದಾಯಿಸಿ, ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ: ಈ ವರ್ಷದ ಹೊಸ ಅಂಗಡಿಗಳಲ್ಲಿ ಎಷ್ಟು ಸ್ವಂತ ಜಾಗದವು, ಎಷ್ಟು ಲೀಸಿನವು, ಲೀಸಿನವುಗಳ ಸರಾಸರಿ ಲಾಕ್-ಇನ್ ಎಷ್ಟು ವರ್ಷ?